ಚಂದದ ಚಿತ್ರಕ್ಕೆ ಬಹುಮಾನ ಕೊಟ್ಟೆ, ಲೆಕ್ಕ ತಪ್ಪಿತು

ಕೋಲ್ಕತ್ತದಲ್ಲಿ ಕೂತು ವಾರಕ್ಕೊಮ್ಮೆ ಕನ್ನಡದ ದನಿಗೆ ಕಿವಿಗೊಡುವ ನಿಮಗೆ ಈ ಸಲ ಹಾಡಿನ ವಿಷಯವಲ್ಲ, ಚಿತ್ರದ ವಿಷಯ ಹೇಳಬೇಕಿದೆ. ರೇಡಿಯೋದವಳಿಗೆ ಚಿತ್ರದ ಉಸಾಬರಿ ಯಾಕೆ ಅನ್ನುತ್ತೀರಾ? ಸ್ವಲ್ಪ ತಾಳಿ. ನಾನು ಮಾಡಿದ ಒಂದು ತಪ್ಪಿನಿಂದ ಈ ಲೇಖನ ಹುಟ್ಟಿದೆ.

ಕೆಲವು ವರ್ಷಗಳ ಹಿಂದಿನ ಮಾತು. ನವೆಂಬರ್ ತಿಂಗಳು, ರಾಜ್ಯೋತ್ಸವ. ಇಲ್ಲಿನ ಕನ್ನಡ ಮನೆಗಳ ಮಕ್ಕಳಿಗೆ ಒಂದು ಪೋಸ್ಟರ್ ಸ್ಪರ್ಧೆ. ವಿಷಯ: 'ಗಣಿತದ ಒಂದು ಸಂಗತಿಯನ್ನು ಚಿತ್ರದಲ್ಲಿ ತೋರಿಸಿ'. ತೀರ್ಪುಗಾರರಾಗಿ ಬರಬೇಕಿದ್ದವರು ಬರಲಿಲ್ಲ. 'ನೀವು ರೇಡಿಯೋದವರು, ನಾಲ್ಕು ಜನಕ್ಕೆ ಗೊತ್ತಿರುವವರು, ನೀವೇ ನೋಡಿ' ಎಂದು ನನ್ನನ್ನೇ ಕೂರಿಸಿದರು. ನಾನು ಓದಿದ್ದು ಕನ್ನಡ ಬಿ.ಎ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ದಾಟಿದ್ದೇ ದೇವರ ದಯೆ! ಆದರೂ ಒಪ್ಪಿಕೊಂಡೆ.

ಕೊನೆಗೆ ನನ್ನ ಮುಂದೆ ಉಳಿದದ್ದು ಮೂರು ಪೋಸ್ಟರ್. ಮೂರರ ಮೇಲೂ ಒಂದೇ ಪದ: 'ಫ್ರ್ಯಾಕ್ಟಲ್'.

ಮೊದಲನೆಯದು ಹತ್ತನೆಯ ತರಗತಿಯ ಹುಡುಗನದು. ಕಂಪ್ಯೂಟರಿನಿಂದ ತೆಗೆದು, ಮಿರಿಮಿರಿ ಕಾಗದದ ಮೇಲೆ ದೊಡ್ಡದಾಗಿ ಮುದ್ರಿಸಿದ್ದ ಮ್ಯಾಂಡೆಲ್‌ಬ್ರಾಟ್ ಗಣದ ಚಿತ್ರ. ನಡುವೆ ಕಪ್ಪು ಜೀರುಂಡೆಯಂಥ ಆಕಾರ, ಅಂಚಿಗೆಲ್ಲ ನೀಲಿ, ಹಳದಿ, ಕೇಸರಿ ಜ್ವಾಲೆ. ಕೆಳಗೆ 'ಗಣಿತದ ಸೌಂದರ್ಯ' ಎಂಬ ಎರಡೇ ಪದ. ಎರಡನೆಯದು ಸುಂದರಬನದ ಉಪಗ್ರಹ ಚಿತ್ರ, ಕೆಳಗೆ 'ಪ್ರಕೃತಿಯ ಫ್ರ್ಯಾಕ್ಟಲ್' ಎಂಬ ಬರಹ. ಮೂರನೆಯದು ಎಂಟನೆಯ ತರಗತಿಯ ಹುಡುಗಿಯದು. ಗ್ರಾಫ್ ಕಾಗದ, ಪೆನ್ಸಿಲ್, ಅಲ್ಲಲ್ಲಿ ರಬ್ಬರಿನಿಂದ ಉಜ್ಜಿದ ಗುರುತು. ಸಂಖ್ಯೆಗಳ ಒಂದು ತ್ರಿಕೋನ. ಅದರಲ್ಲಿ ಬೆಸ ಸಂಖ್ಯೆಗಳಿಗೆ ಮಾತ್ರ ಕಪ್ಪು ಬಳಿದಿದ್ದಳು. ಮೇಲೆ 'ಮೇರು ಪ್ರಸ್ತಾರ' ಎಂದು ಬರೆದಿದ್ದಳು.

ನಾನು ಬಣ್ಣಕ್ಕೆ ಸೋತೆ. ಮೊದಲ ಬಹುಮಾನ ಮಿರಿಮಿರಿ ಪೋಸ್ಟರಿಗೆ, ಎರಡನೆಯದು ಸುಂದರಬನಕ್ಕೆ. ಪೆನ್ಸಿಲ್ ಚಿತ್ರಕ್ಕೆ ಸಮಾಧಾನಕರ ಬಹುಮಾನ, ಒಂದು ಪೆನ್ನು. ಪೆನ್ನು ತೆಗೆದುಕೊಳ್ಳುವಾಗ ಆ ಹುಡುಗಿ ಮೆಲ್ಲಗೆ ಕೇಳಿದಳು, 'ಆಂಟಿ, ಮೊದಲನೇ ಪೋಸ್ಟರ್ ನೋಡಿ ನಿಮಗೆ ಏನು ಗೊತ್ತಾಯ್ತು?'

ನನ್ನ ಹತ್ತಿರ ಉತ್ತರ ಇರಲಿಲ್ಲ. 'ತುಂಬಾ ಚೆನ್ನಾಗಿದೆ ಅಲ್ವಾ ಪುಟ್ಟಾ' ಎಂದು ಜಾರಿಕೊಂಡೆ. ಮುಂದಿನ ವರ್ಷ ಅವಳು ಸ್ಪರ್ಧೆಗೆ ಬರಲಿಲ್ಲ. 'ಪರೀಕ್ಷೆ ಇದೆ' ಅಂದರು ಅವಳ ಅಮ್ಮ. ಇರಬಹುದು. ನನಗೆ ಮಾತ್ರ ಆ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತೆ ಉಳಿಯಿತು. ಕಾಲೇಜ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಿ, ತಿಳಿದವರನ್ನು ಕೇಳಿ, ನಿಧಾನವಾಗಿ ಕಲಿತದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಫ್ರ್ಯಾಕ್ಟಲ್ ಅಂದರೇನು?

ಈ ಪದವನ್ನು 1975ರಲ್ಲಿ ಟಂಕಿಸಿದವರು ಬೆನ್ವಾ ಮ್ಯಾಂಡೆಲ್‌ಬ್ರಾಟ್. ಪೋಲೆಂಡಿನ ವಾರ್ಸಾದಲ್ಲಿ 1924ರಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಓದಿ, ಅಮೆರಿಕದ ಐಬಿಎಂ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಬಹುಕಾಲ ದುಡಿದ ಗಣಿತಜ್ಞರು. 2010ರಲ್ಲಿ ತೀರಿಕೊಂಡರು.

ಒಂದು ವೃತ್ತದ ಅಂಚನ್ನು ಭೂತಗನ್ನಡಿಯಲ್ಲಿ ದೊಡ್ಡದು ಮಾಡುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಅದು ಬರೀ ನೇರ ಗೆರೆಯಂತೆ ಕಾಣುತ್ತದೆ, ಹೊಸದೇನೂ ಸಿಗುವುದಿಲ್ಲ. ಫ್ರ್ಯಾಕ್ಟಲ್ ಹಾಗಲ್ಲ. ಎಷ್ಟು ದೊಡ್ಡದು ಮಾಡಿದರೂ ಒಳಗೆ ಮತ್ತೆ ವಿವರ ಇರುತ್ತದೆ. ಎಷ್ಟೋ ಸಲ ಇಡೀ ಆಕಾರವೇ ಪುಟ್ಟದಾಗಿ ಒಳಗೆ ಕೂತಿರುತ್ತದೆ.

ಇಲ್ಲೊಂದು ಎಚ್ಚರ ಬೇಕು. ಮತ್ತೆ ಮತ್ತೆ ಬಂದದ್ದೆಲ್ಲ ಫ್ರ್ಯಾಕ್ಟಲ್ ಅಲ್ಲ. ನಮ್ಮ ಚುಕ್ಕಿ ರಂಗೋಲಿಯಲ್ಲಿ ಒಂದೇ ಅಳತೆಯ ಹೂವು ಹತ್ತು ಸಲ ಬಂದರೆ ಅದು ಪುನರಾವರ್ತನೆ, ಅಷ್ಟೆ. ಇಲ್ಲಿನ ಬಂಗಾಳಿ ಮನೆಗಳ ಹೊಸಿಲಲ್ಲಿ ಅಕ್ಕಿಹಿಟ್ಟಿನಿಂದ ಬರೆಯುವ ಆಲ್ಪೊನಾದ ಬಳ್ಳಿಯೂ ಹಾಗೆಯೇ. ಹೂವಿನ ಒಳಗೆ ಅದೇ ಹೂವು ಚಿಕ್ಕದಾಗಿ, ಅದರೊಳಗೆ ಇನ್ನೂ ಚಿಕ್ಕದಾಗಿ ಬರಬೇಕು. ಆಗ ಫ್ರ್ಯಾಕ್ಟಲ್ ಕಡೆಗೆ ಹೆಜ್ಜೆ ಇಟ್ಟಂತೆ.

ಸರಿ, ಮೂರು ಪೋಸ್ಟರಿನಲ್ಲಿ ಯಾವುದು ಈ ಸಂಗತಿಯನ್ನು ನಿಜವಾಗಿ ತೋರಿಸಿತ್ತು? ತೂಗಿ ನೋಡುವುದು ಹೇಗೆ? ನನಗೆ ಗೊತ್ತಿರುವ ತಕ್ಕಡಿ ಒಂದೇ, ಮಾತು. ಚಿತ್ರವನ್ನು ಕಾಣದವರಿಗೆ ಬಾಯಲ್ಲಿ ಹೇಳಿದರೆ ಅವರು ಅದನ್ನು ಮತ್ತೆ ಬರೆಯಬಲ್ಲರೇ? ಬರೆದರೆ, ಚಿತ್ರದ ಹಿಂದಿನ ನಿಯಮ ಅವರಿಗೆ ದಾಟಿದೆ ಎಂದರ್ಥ. ಇದನ್ನು ನಾನು 'ರೇಡಿಯೋ ಪರೀಕ್ಷೆ' ಎಂದು ಕರೆದುಕೊಂಡೆ. ತಿಪಟೂರಿನಲ್ಲಿರುವ ಅಮ್ಮನಿಗೆ ಫೋನ್ ಹಚ್ಚಿದೆ.

ಅಮ್ಮ ಬರೆದ ಮೇರು

'ಅಮ್ಮಾ, ಹಳೆ ಕ್ಯಾಲೆಂಡರ್ ಹಿಂಬದಿ ಒಂದು ಪೆನ್ನು ತಗೊಂಡು ಕೂತ್ಕೋ. ರಂಗೋಲಿ ಥರ ಚುಕ್ಕಿ ಇಡು. ಮೊದಲ ಸಾಲಲ್ಲಿ ಒಂದು, ಎರಡನೇದರಲ್ಲಿ ಎರಡು, ಹೀಗೆ ಹದಿನಾರು ಸಾಲು. ಮೇಲಿನ ಎರಡು ಚುಕ್ಕಿ ನಡುವೆ ಕೆಳಗಿನ ಚುಕ್ಕಿ ಬರಬೇಕು.'

'ಆಮೇಲೆ?'

'ಪ್ರತಿ ಸಾಲಿನ ಎರಡೂ ತುದಿ ಚುಕ್ಕಿಗೆ ಕಪ್ಪು ತುಂಬು. ಮಧ್ಯದ ಚುಕ್ಕಿಗೆ ಅದರ ತಲೆ ಮೇಲಿರೋ ಎರಡನ್ನ ನೋಡು. ಎರಡೂ ಒಂದೇ ಥರ ಇದ್ರೆ ಖಾಲಿ ಬಿಡು. ಒಂದು ಕಪ್ಪು ಒಂದು ಖಾಲಿ ಇದ್ರೆ ಕಪ್ಪು ತುಂಬು.'

ಅರ್ಧ ಗಂಟೆ ಬಿಟ್ಟು ಅಮ್ಮನೇ ಫೋನ್ ಮಾಡಿದರು. 'ಏನೇ ಇದು! ಮಧ್ಯದಲ್ಲಿ ದೊಡ್ಡದೊಂದು ತಲೆಕೆಳಗಾದ ತ್ರಿಕೋನ ಖಾಲಿ ಬಂತು. ಸುತ್ತ ಮೂರು ತ್ರಿಕೋನ. ಆ ಮೂರರಲ್ಲೂ ಮತ್ತೆ ಮಧ್ಯ ಖಾಲಿ. ನೀನು ತ್ರಿಕೋನ ಅಂತ ಹೇಳಲೇ ಇಲ್ವಲ್ಲೇ?'

ನಿಜ, ಹೇಳಿರಲಿಲ್ಲ. ಅದೇ ಇದರ ಸೊಗಸು. ನಿಯಮದಲ್ಲಿ ಒಳಗಿನ ತ್ರಿಕೋನದ ಸುದ್ದಿಯೇ ಇಲ್ಲ. ಆದರೂ ತ್ರಿಕೋನದೊಳಗೆ ತ್ರಿಕೋನ ತಾನಾಗಿ ಮೂಡಿತು. ಪೋಲೆಂಡಿನ ಗಣಿತಜ್ಞ ಸಿಯರ್ಪಿನ್‌ಸ್ಕಿ 1915ರಲ್ಲಿ ವಿವರಿಸಿದ ತ್ರಿಕೋನದ ಆಕಾರವೇ ಇದು.

ಹುಡುಗಿ ಮಾಡಿದ್ದೂ ಇದನ್ನೇ, ಸಂಖ್ಯೆಗಳ ದಾರಿಯಿಂದ. ಮೇರು ಪ್ರಸ್ತಾರದಲ್ಲಿ ಪ್ರತಿ ಸಾಲಿನ ತುದಿಗಳಲ್ಲಿ 1, ನಡುವಿನ ಪ್ರತಿ ಸಂಖ್ಯೆ ತನ್ನ ಮೇಲಿನ ಎರಡರ ಮೊತ್ತ. 1, 1, 1, 1, 2, 1, 1, 3, 3, 1, ಹೀಗೆ ಬೆಳೆಯುತ್ತದೆ. ಬೆಸಕ್ಕೆ ಬೆಸ ಕೂಡಿದರೆ ಸಮ, ಸಮಕ್ಕೆ ಸಮ ಕೂಡಿದರೂ ಸಮ. ಬೆಸಕ್ಕೆ ಸಮ ಕೂಡಿದರೆ ಮಾತ್ರ ಬೆಸ. ಅಮ್ಮನಿಗೆ ನಾನು ಹೇಳಿದ 'ಒಂದೇ ಥರ ಇದ್ದರೆ ಖಾಲಿ' ಎಂಬುದು ಇದೇ ಲೆಕ್ಕ.

ಇಲ್ಲಿ ಕನ್ನಡ ಬಿ.ಎ. ಓದಿದವಳಿಗೆ ನಾಚಿಕೆಯಾಗಬೇಕಾದ ಮಾತೊಂದಿದೆ. ಶಾಲೆಯಲ್ಲಿ ಪ್ಯಾಸ್ಕಲ್ ತ್ರಿಕೋನ ಎಂದು ಕಲಿಸುವ ಇದನ್ನು, 17ನೇ ಶತಮಾನದ ಪ್ಯಾಸ್ಕಲನಿಗಿಂತ ಎಷ್ಟೋ ಮೊದಲೇ ನಮ್ಮ ಛಂದಸ್ಸಿನವರು ಬಲ್ಲರು. ಪಿಂಗಳನ ಛಂದಃಶಾಸ್ತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಮೇರು ಪ್ರಸ್ತಾರವನ್ನು ವಿವರಿಸಿದ್ದಾನೆ. ಅದೇ ಶತಮಾನದ ಕೊನೆಯ ಹೊತ್ತಿಗೆ ನಮ್ಮ ನಾಗವರ್ಮ ಕನ್ನಡದಲ್ಲಿ 'ಛಂದೋಂಬುಧಿ' ಬರೆದ. ಲಘು, ಗುರು, ಗಣ ಎಂದು ನಾವು ಪರೀಕ್ಷೆಗೆ ಉರು ಹೊಡೆದದ್ದು ನೆನಪಿದೆಯೇ? ಮೂರಕ್ಷರದ ಗಣ ಒಟ್ಟು ಎಂಟು. ಮ ಗಣದಲ್ಲಿ ಮೂರೂ ಗುರು. ಯ, ರ, ತ ಗಣಗಳಲ್ಲಿ ಒಂದೊಂದು ಲಘು. ಭ, ಜ, ಸ ಗಣಗಳಲ್ಲಿ ಎರಡೆರಡು ಲಘು. ನ ಗಣದಲ್ಲಿ ಮೂರೂ ಲಘು. ಎಣಿಸಿ: 1, 3, 3, 1. ಮೇರುವಿನ ನಾಲ್ಕನೆಯ ಸಾಲು! ಮೂರು ವರ್ಷ ಅಷ್ಟಗಣ ಓದಿದ ನಾನು ಹುಡುಗಿಯ ಪೋಸ್ಟರಿನ ಮುಂದೆ ನಿಂತು ಅದನ್ನು ಗುರುತಿಸಲಿಲ್ಲ.

ಆ ಚಿತ್ರ ಇನ್ನೂ ಒಂದು ಸಂಗತಿ ಹೇಳುತ್ತದೆ. ಕಪ್ಪು ಚುಕ್ಕಿಗಳನ್ನು ಎಣಿಸಿ. ನಾಲ್ಕು ಸಾಲಿಗೆ 9, ಎಂಟು ಸಾಲಿಗೆ 27, ಹದಿನಾರು ಸಾಲಿಗೆ 81. ಸಾಲು ಎರಡರಷ್ಟಾದರೆ ಚುಕ್ಕಿ ಮೂರರಷ್ಟು. ಈಗ ಒಂದು ಗೆರೆಯನ್ನು ಎರಡರಷ್ಟು ಉದ್ದ ಮಾಡಿದರೆ ಅದರ ಅಳತೆ ಎರಡರಷ್ಟಾಗುತ್ತದೆ. ಅದು ಒಂದು ಆಯಾಮದ್ದು. ಚೌಕದ ಬದಿಯನ್ನು ಎರಡರಷ್ಟು ಮಾಡಿದರೆ ಅದರ ಅಳತೆ ನಾಲ್ಕರಷ್ಟಾಗುತ್ತದೆ. ಅದು ಎರಡು ಆಯಾಮದ್ದು. ನಮ್ಮದು ಮೂರರಷ್ಟು! ಗೆರೆಗಿಂತ ಹೆಚ್ಚು, ಚೌಕಕ್ಕಿಂತ ಕಡಿಮೆ. ಅದರ ಆಯಾಮ ಸುಮಾರು 1.585, ಅಂದರೆ ಎರಡನ್ನು ಅಷ್ಟು ಘಾತಕ್ಕೆ ಏರಿಸಿದರೆ ಮೂರು ಬರುತ್ತದೆ. 'ಭಿನ್ನರಾಶಿಯ ಆಯಾಮ' ಎಂದು ದೊಡ್ಡ ದೊಡ್ಡ ಪುಸ್ತಕಗಳು ಹೇಳುವುದನ್ನು ಒಂದು ಪೆನ್ಸಿಲ್ ಚಿತ್ರದಲ್ಲಿ ಬೆರಳಿಟ್ಟು ಎಣಿಸಬಹುದು.

ಇನ್ನೊಂದು ಅಚ್ಚರಿ. ಎಂಟು ಸಾಲಿನ 36 ಸಂಖ್ಯೆಗಳಲ್ಲಿ 27 ಬೆಸ, ಅಂದರೆ ನೂರಕ್ಕೆ ಎಪ್ಪತ್ತೈದು. ಅರವತ್ತನಾಲ್ಕು ಸಾಲಿನ 2080 ಸಂಖ್ಯೆಗಳಲ್ಲಿ 729 ಮಾತ್ರ ಬೆಸ, ನೂರಕ್ಕೆ ಮೂವತ್ತೈದು. ಮುಂದೆ ಹೋದಷ್ಟೂ ಸಮಸಂಖ್ಯೆಗಳದೇ ರಾಜ್ಯ. ಬರೀ ಸಂಖ್ಯೆ ನೋಡುತ್ತಾ ಕೂತರೆ ಇದು ಹೊಳೆಯುವುದು ಕಷ್ಟ. ಚಿತ್ರದಲ್ಲಾದರೆ ಖಾಲಿ ತ್ರಿಕೋನಗಳು ದೊಡ್ಡದಾಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಚಿತ್ರ ತನ್ನ ಅನ್ನಕ್ಕೆ ತಾನೇ ದುಡಿದಿದೆ.

ಸುಂದರಬನದ ಪೋಸ್ಟರಿಗೆ ಏನು ಕೊರತೆ?

ಕೋಲ್ಕತ್ತದಿಂದ ದಕ್ಷಿಣಕ್ಕೆ ಹೋದರೆ ಸಪ್ತಮುಖಿ, ಠಾಕುರಾನ್, ಮಾತ್ಲಾ, ರಾಯಮಂಗಲ ಎಂದು ನದಿಗಳು ಕವಲೊಡೆಯುತ್ತವೆ. ಕವಲಿನಿಂದ ಕಾಲುವೆ, ಕಾಲುವೆಯಿಂದ ಕಿರುಗಾಲುವೆ. ಮೇಲಿನಿಂದ ನೋಡಿದರೆ ಎಲೆಯ ನರಗಳ ಹಾಗೆ. ಇದನ್ನು ಫ್ರ್ಯಾಕ್ಟಲ್ ಎನ್ನುವುದು ತಪ್ಪಲ್ಲ. ಆದರೆ ಯಾವ ಅರ್ಥದಲ್ಲಿ ಎಂದು ಪೋಸ್ಟರ್ ಹೇಳಬೇಕಿತ್ತು.

ಇಲ್ಲಿನ ನಿಜವಾದ ಸಂಗತಿ ಉದ್ದದ್ದು. 1967ರಲ್ಲಿ ಮ್ಯಾಂಡೆಲ್‌ಬ್ರಾಟ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಶ್ನೆ ಎತ್ತಿದರು: ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ? ಅವರಿಗಿಂತ ಮೊದಲು ರಿಚರ್ಡ್‌ಸನ್ ಎಂಬ ವಿಜ್ಞಾನಿ ಅಳೆದು ನೋಡಿದ್ದರು. ದೊಡ್ಡ ಕೋಲಿನಿಂದ ಅಳೆದರೆ ಸಣ್ಣ ಕೊಲ್ಲಿಗಳೆಲ್ಲ ತಪ್ಪಿಹೋಗಿ ಉದ್ದ ಕಡಿಮೆ ಬರುತ್ತದೆ. ಕೋಲು ಚಿಕ್ಕದಾದಷ್ಟೂ ಪ್ರತಿ ಅಂಕುಡೊಂಕೂ ಲೆಕ್ಕಕ್ಕೆ ಸಿಕ್ಕಿ ಉದ್ದ ಬೆಳೆಯುತ್ತಲೇ ಹೋಗುತ್ತದೆ. ವೃತ್ತದ ಸುತ್ತಳತೆಯ ಹಾಗೆ ಒಂದು ಕಡೆ ನಿಲ್ಲುವುದಿಲ್ಲ. ಬ್ರಿಟನ್ನಿನ ಪಶ್ಚಿಮ ಕರಾವಳಿಗೆ ಈ ಲೆಕ್ಕದಲ್ಲಿ ಸುಮಾರು 1.25 ಆಯಾಮ ಬರುತ್ತದೆ.

ಇದು ಬರೀ ಪುಸ್ತಕದ ಬದನೆಕಾಯಿ ಅಂದುಕೊಳ್ಳಬೇಡಿ. ಸುಂದರಬನದ ಜನವಸತಿಯ ದ್ವೀಪಗಳನ್ನು ಉಪ್ಪುನೀರಿನಿಂದ ಕಾಯುವುದು ದಡದುದ್ದಕ್ಕೂ ಹಾಕಿದ ಮಣ್ಣಿನ ಏರಿ. 2009ರ ಮೇ ತಿಂಗಳ ಐಲಾ, 2020ರ ಮೇ ತಿಂಗಳ ಅಂಫಾನ್ ಚಂಡಮಾರುತಗಳಲ್ಲಿ ಅವು ಒಡೆದು ಗದ್ದೆಗಳಿಗೆ ಉಪ್ಪುನೀರು ನುಗ್ಗಿದ್ದನ್ನು ನಾವೆಲ್ಲ ಕೇಳಿದ್ದೇವೆ. 'ದಡ ಎಷ್ಟು ಉದ್ದ' ಎಂದು ಕೇಳುವಾಗ 'ಯಾವ ಕೋಲಿನಲ್ಲಿ ಅಳೆದದ್ದು' ಎಂದೂ ಕೇಳಬೇಕು. ಏರಿ ಕಟ್ಟುವವನಿಗೆ ಇದು ಮಣ್ಣಿನ ಲೆಕ್ಕ, ಕೂಲಿಯ ಲೆಕ್ಕ.

ಆ ಪೋಸ್ಟರಿನಲ್ಲಿ ಇದ್ದದ್ದು ಒಂದು ಫೋಟೋ. ಎಷ್ಟು ಕಿಲೋಮೀಟರಿಗೆ ಎಷ್ಟು ಅಂಗುಲ ಎಂಬ ಗುರುತೂ ಇರಲಿಲ್ಲ. ಅದೇ ದಡವನ್ನು ದಾರ ಹಿಡಿದು ಎರಡು ಅಳತೆಯ ಹೆಜ್ಜೆಯಲ್ಲಿ ಅಳೆದು, ಎರಡು ಉತ್ತರವನ್ನು ಪಕ್ಕಪಕ್ಕ ಬರೆದಿದ್ದರೆ ಸಾಕಿತ್ತು, ಅದು ಮೊದಲ ದರ್ಜೆಯ ಪೋಸ್ಟರ್ ಆಗುತ್ತಿತ್ತು. ಜೊತೆಗೆ ಇನ್ನೊಂದು ಪ್ರಾಮಾಣಿಕ ಮಾತು ಬೇಕಿತ್ತು. ನಿಸರ್ಗದ ಫ್ರ್ಯಾಕ್ಟಲ್ ಒಂದು ಹಂತಕ್ಕೆ ನಿಲ್ಲುತ್ತದೆ. ಕಿರುಗಾಲುವೆಯ ಕೆಳಗೆ ಕೆಸರು, ಕೆಸರಿನ ಕೆಳಗೆ ಮರಳಿನ ಕಣ. ಕೊನೆಯಿಲ್ಲದೆ ಇಳಿಯುವುದು ಗಣಿತದ ಆಕಾರ ಮಾತ್ರ. ಅಲ್ಲದೆ ಒಂದು ಕವಲು ಇನ್ನೊಂದರ ಪಡಿಯಚ್ಚೂ ಅಲ್ಲ. ಸರಾಸರಿಯಲ್ಲಿ ಹೋಲುತ್ತದೆ, ಅಷ್ಟೆ.

ಬಹುಮಾನ ಗೆದ್ದ ಜೀರುಂಡೆ

ಈಗ ಮೊದಲನೆಯದು. ಅಮ್ಮನಿಗೆ ಇದನ್ನೂ ಫೋನಿನಲ್ಲಿ ವರ್ಣಿಸಿ ನೋಡಿದೆ. 'ಹೃದಯದ ಥರ ಒಂದು, ಅದಕ್ಕಂಟಿದ ಗುಂಡು ಒಂದು, ಸುತ್ತ ಸಣ್ಣ ಸಣ್ಣ ಗುಂಡು...' ಅಮ್ಮ ಬರೆದದ್ದನ್ನು ನೋಡಿ ಅಮ್ಮನಿಗೇ ನಗು. ತಪ್ಪು ಅಮ್ಮನದಲ್ಲ. ನಾನು ಆಕಾರ ಹೇಳಿದೆ, ನಿಯಮ ಹೇಳಲಿಲ್ಲ. ಪೋಸ್ಟರಿನಲ್ಲೂ ನಿಯಮ ಇರಲಿಲ್ಲ.

ನಿಯಮ ಇಷ್ಟೇ. ಒಂದು ಸಂಖ್ಯೆ ಆರಿಸಿಕೊಳ್ಳಿ. ಸೊನ್ನೆಯಿಂದ ಹೊರಡಿ. ಕೈಯಲ್ಲಿರುವುದನ್ನು ವರ್ಗ ಮಾಡಿ, ಆರಿಸಿಕೊಂಡದ್ದನ್ನು ಕೂಡಿಸಿ. ಬಂದದ್ದನ್ನು ಮತ್ತೆ ವರ್ಗ ಮಾಡಿ, ಮತ್ತೆ ಕೂಡಿಸಿ. ಆರಿಸಿದ್ದು 1 ಆದರೆ 0, 1, 2, 5, 26 ಎಂದು ಓಡಿಹೋಗುತ್ತದೆ. ಆರಿಸಿದ್ದು ಮೈನಸ್ 1 ಆದರೆ 0, ಮೈನಸ್ 1, 0, ಮೈನಸ್ 1 ಎಂದು ಅಲ್ಲೇ ತೂಗಾಡುತ್ತದೆ. ಓಡಿಹೋಗದವು ಗಣದೊಳಗೆ, ಓಡಿಹೋಗುವವು ಹೊರಗೆ. ಹಾಳೆಯ ಮೇಲಿನ ಪ್ರತಿ ಬಿಂದುವೂ ಒಂದು ಸಂಕೀರ್ಣ ಸಂಖ್ಯೆ ಎಂದಿಟ್ಟುಕೊಂಡು ಈ ಪರೀಕ್ಷೆ ಮಾಡಿ, ಒಳಗಿನವಕ್ಕೆ ಕಪ್ಪು ಬಳಿದರೆ ಜೀರುಂಡೆ ಸಿಗುತ್ತದೆ.

ಹಾಗಾದರೆ ನನ್ನನ್ನು ಮರುಳು ಮಾಡಿದ ನೀಲಿ, ಕೇಸರಿ? ಅದು ಗಣದ ಭಾಗವೇ ಅಲ್ಲ! ಹೊರಗಿನ ಬಿಂದುಗಳು ಎಷ್ಟು ಹೆಜ್ಜೆಯಲ್ಲಿ ಓಡಿಹೋದವು ಎಂಬುದಕ್ಕೆ ಕಂಪ್ಯೂಟರಿನವರು ಕೊಡುವ ಬಣ್ಣ. ಯಾವ ಹೆಜ್ಜೆಗೆ ಯಾವ ಬಣ್ಣ ಎಂದು ಪಕ್ಕದಲ್ಲಿ ಬರೆದರೆ ಆ ಬಣ್ಣಕ್ಕೂ ಅರ್ಥ ಬರುತ್ತದೆ. ಬರೆಯದಿದ್ದರೆ ಅದು ಪೂಜೆ ಪಂದಲಿನ ದೀಪಾಲಂಕಾರ.

ಚಿತ್ರವನ್ನು ಕಣ್ಣುಮುಚ್ಚಿ ನಂಬಬಾರದು ಎನ್ನಲು ಈ ಗಣದ ಕಥೆಯೇ ಸಾಕ್ಷಿ. 1980ರಲ್ಲಿ ಮ್ಯಾಂಡೆಲ್‌ಬ್ರಾಟ್ ಇದನ್ನು ಕಂಪ್ಯೂಟರಿನಲ್ಲಿ ಬರೆಸಿ ನೋಡಿದಾಗ ದೊಡ್ಡ ಆಕಾರದಿಂದ ದೂರದಲ್ಲಿ ಬಿಡಿಬಿಡಿ ಚುಕ್ಕೆಗಳು ಕಂಡವು. ಗಣ ತುಂಡುತುಂಡಾಗಿದೆ ಎಂದು ಅವರು ಊಹಿಸಿದರು. 1982ರಲ್ಲಿ ಡುವಾಡಿ ಮತ್ತು ಹಬ್ಬರ್ಡ್ ಎಂಬ ಗಣಿತಜ್ಞರು ಅದು ಇಡಿಯಾಗಿ ಒಂದೇ ತುಂಡು ಎಂದು ಸಾಧಿಸಿ ತೋರಿಸಿದರು. ಚುಕ್ಕೆಗಳನ್ನು ಕಟ್ಟಿರುವ ಎಳೆಗಳು ಅಂದಿನ ಚಿತ್ರಕ್ಕೆ ಸಿಗದಷ್ಟು ತೆಳುವಾಗಿದ್ದವು. ಗಣಕ್ಕೆ ಮ್ಯಾಂಡೆಲ್‌ಬ್ರಾಟರ ಹೆಸರು ಇಟ್ಟವರೂ ಇವರೇ. ಚಿತ್ರ ಒಂದು ಹೇಳಿತು, ಸಾಧನೆ ಇನ್ನೊಂದು ಹೇಳಿತು. ಗೆದ್ದದ್ದು ಸಾಧನೆ.

ಹಾಗೆಂದು ಆ ಹುಡುಗನನ್ನು ದೂರಲಾರೆ. 1985ರ ಆಗಸ್ಟಿನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆ ಇದೇ ಗಣವನ್ನು ಮುಖಪುಟದಲ್ಲಿ ಅಚ್ಚು ಹಾಕಿದ ಮೇಲೆ ಲೋಕದ ಎಷ್ಟೋ ಜನ ಗಣಿತದ ಕಡೆ ತಿರುಗಿ ನೋಡಿದರು. ಚಂದವೂ ಒಂದು ಕೆಲಸ ಮಾಡುತ್ತದೆ, ಬಾಗಿಲಿಗೆ ಕರೆಯುತ್ತದೆ. ಮೇರು ತ್ರಿಕೋನ ಹೇಳಲಾರದ ಒಂದು ಮಾತನ್ನೂ ಈ ಗಣ ಹೇಳಬಲ್ಲದು: ಒಂದೇ ಸಾಲಿನ ನಿಯಮದಿಂದ ಮುಗಿಯದಷ್ಟು ವೈವಿಧ್ಯ ಬರಬಹುದು ಎಂದು. ಪೋಸ್ಟರಿನಲ್ಲಿ ಆ ನಿಯಮ, ಬಣ್ಣದ ಅರ್ಥ, ಒಂದರೊಳಗೊಂದು ದೊಡ್ಡದು ಮಾಡಿದ ಮೂರು ಚಿತ್ರ ಇದ್ದಿದ್ದರೆ ಮೊದಲ ಬಹುಮಾನಕ್ಕೆ ನ್ಯಾಯ ಸಿಗುತ್ತಿತ್ತು. ಬರೀ ಬಾಗಿಲು ತೋರಿಸಿ, ಒಳಗೆ ಮನೆಯೇ ಇಲ್ಲದಂತಾಯಿತು.

ನೀವು ತೀರ್ಪುಗಾರರಾದರೆ

ನಾಳೆ ನಿಮ್ಮನ್ನೂ ಯಾರಾದರೂ ಹೀಗೆ ಕೂರಿಸಬಹುದು. ಮಕ್ಕಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿಯೇ ಹೋಗುತ್ತೀರಿ. ಆಗ ಐದು ಪ್ರಶ್ನೆ ಕೇಳಿ.

ಒಂದು, ಈ ಚಿತ್ರ ತೋರಿಸುವ ಸಂಗತಿಯನ್ನು ಒಂದು ವಾಕ್ಯದಲ್ಲಿ ಹೇಳಬಹುದೇ? 'ಸೌಂದರ್ಯ' ಎಂಬುದು ಉತ್ತರವಲ್ಲ.

ಎರಡು, ನಿಯಮ ಚಿತ್ರದಲ್ಲಿ ಅಥವಾ ಅದರ ಪಕ್ಕದಲ್ಲಿ ಇದೆಯೇ? ಕಾಣದವರಿಗೆ ಹೇಳಿದರೆ ಅವರು ಮತ್ತೆ ಮಾಡಬಲ್ಲರೇ?

ಮೂರು, ಬಣ್ಣಕ್ಕೆ ಅರ್ಥ ಇದೆಯೇ, ಇಲ್ಲಾ ಅಲಂಕಾರವೇ?

ನಾಲ್ಕು, ಅಳತೆ ಎಷ್ಟು, ಎಲ್ಲಿಗೆ ನಿಲ್ಲುತ್ತದೆ, ಚಿತ್ರಕ್ಕೆ ಕಾಣದ್ದು ಏನಿರಬಹುದು ಎಂದು ಹೇಳಿದೆಯೇ?

ಐದು, ಚಿತ್ರ ಇಲ್ಲದಿದ್ದರೆ ಹೊಳೆಯದ ಯಾವುದಾದರೂ ಸಂಗತಿ ಚಿತ್ರದಿಂದ ಹೊಳೆಯಿತೇ?

ಪೆನ್ಸಿಲ್ ಪೋಸ್ಟರಿಗೆ ಈ ಐದರಲ್ಲಿ ನಾಲ್ಕಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಒಂದಕ್ಕೆ ಇಲ್ಲ. ಹದಿನಾರು ಸಾಲಿಗೆ ನಿಲ್ಲಿಸಿದ ಚಿತ್ರ ಮುಂದೆಯೂ ಹಾಗೇ ಇರುತ್ತದೆ ಎಂದು ಅವಳು ಬರೆದಿರಲಿಲ್ಲ. ಬರೆದಿದ್ದರೆ 'ಅದು ನಿನಗೆ ಹೇಗೆ ಗೊತ್ತು' ಎಂದು ಕೇಳಬಹುದಿತ್ತು. ಅವಳು ಬಹುಶಃ ಉತ್ತರವನ್ನೂ ಹೇಳುತ್ತಿದ್ದಳು. ಎಂಟನೆಯ ಸಾಲು ಪೂರ್ತಿ ಕಪ್ಪಾಗುತ್ತದೆ. ಆದ್ದರಿಂದ ಒಂಬತ್ತನೆಯ ಸಾಲಿನಲ್ಲಿ ಎರಡು ತುದಿ ಮಾತ್ರ ಕಪ್ಪು, ನಡುವೆಲ್ಲ ಖಾಲಿ. ಆ ಎರಡು ತುದಿಯಿಂದ ಮೊದಲಿನ ತ್ರಿಕೋನವೇ ಮತ್ತೆರಡು ಸಲ ಹುಟ್ಟುತ್ತದೆ. ಹದಿನಾರನೆಯ ಸಾಲು ಮತ್ತೆ ಪೂರ್ತಿ ಕಪ್ಪು, ಅಲ್ಲಿಂದ ಮತ್ತೆ ಅದೇ ಕಥೆ. ಚಿತ್ರ ಊಹೆ ಹುಟ್ಟಿಸುತ್ತದೆ. ಯಾಕೆ ಎಂಬುದಕ್ಕೆ ಮಾತು ಬೇಕು.

ಈ ಬರಹದ ಜೊತೆ ಚಿತ್ರ ಬೇಕೆಂದೇ ಹಾಕಿಸಿಲ್ಲ. ಮನೆಯಲ್ಲಿ ಹಳೆಯ ಕ್ಯಾಲೆಂಡರ್ ಇದ್ದೇ ಇರುತ್ತದೆ. ಅಮ್ಮನಿಗೆ ಹೇಳಿದ ನಿಯಮ ಮೇಲೆಯೇ ಇದೆ. ಮಕ್ಕಳನ್ನು ಕೂರಿಸಿಕೊಂಡು ಹದಿನಾರು ಸಾಲು ತುಂಬಿಸಿ. ನಿಮ್ಮ ತ್ರಿಕೋನ ಸರಿಯಾಗಿ ಬಂದರೆ ನನ್ನ ಪರೀಕ್ಷೆ ಪಾಸು. ಬರದಿದ್ದರೆ ನಾನು ಹೇಳಿದ್ದು ಸರಿಯಿಲ್ಲ ಎಂದರ್ಥ, ನಮ್ಮ ಕಾರ್ಯಕ್ರಮಕ್ಕೆ ಬರೆದು ಬೈಯಿರಿ.

ಇನ್ನು ಆ ಹುಡುಗಿಗೆ. ಈಗ ನೀನು ಕಾಲೇಜಿಗೆ ಹೋಗುತ್ತಿರಬಹುದು. ಈ ಪತ್ರಿಕೆ ನಿಮ್ಮ ಮನೆಗೆ ಬರುತ್ತದೆ ಎಂದು ನಿನ್ನ ಅಮ್ಮ ಹೇಳಿದ್ದರು. ನಿನ್ನ ಪ್ರಶ್ನೆಗೆ ಉತ್ತರ ಇದು ಪುಟ್ಟಾ: ಆ ಪೋಸ್ಟರ್ ನೋಡಿ ನನಗೆ ಏನೂ ಗೊತ್ತಾಗಲಿಲ್ಲ. ನಿನ್ನದರಿಂದ ಗೊತ್ತಾಯಿತು, ತಡವಾಗಿ.